ಹಲ್ಲಿನ ಅತಿಸಂವೇದನೆಗೆ ಶಸ್ತ್ರರಹಿತ ಚಿಕಿತ್ಸೆ

ಹಲ್ಲಿನ ಅತಿಸಂವೇದನೆ ಎಂದರೆ ತಂಪು, ಬಿಸಿ, ಹುಳಿ, ಸಿಹಿ, ಗಾಳಿ ಅಥವಾ ಬ್ರಷ್‌ನ ಸ್ಪರ್ಶದಿಂದ ಹಲ್ಲಿನಲ್ಲಿ ಥಟ್ಟನೆ ಹುಟ್ಟಿ ಕೆಲವೇ ಕ್ಷಣಗಳಲ್ಲಿ ಶಮನವಾಗುವ ತೀಕ್ಷ್ಣವಾದ ನೋವು. ಆಡುಮಾತಿನಲ್ಲಿ ಇದನ್ನು ‘ಹಲ್ಲು ಜುಮ್ಮೆನ್ನುವುದು’ ಎಂದು ಕರೆಯುತ್ತಾರೆ. ಹಲ್ಲಿನ ಒಳಪದರವಾದ ಡೆಂಟಿನ್ ಹೊರಗೆ ತೆರೆದುಕೊಂಡಿರುವುದೇ ಇದರ ಮೂಲ. ಹಲ್ಲನ್ನು ಕೊರೆಯದೆ, ವಸಡನ್ನು ಕತ್ತರಿಸದೆ, ಲೇಪನ, ಟೂತ್‌ಪೇಸ್ಟ್ ಮತ್ತು ಅಭ್ಯಾಸಗಳ ಬದಲಾವಣೆಯಿಂದ ಈ ನೋವನ್ನು ತಗ್ಗಿಸುವ ಕ್ರಮಗಳಿಗೆ ಶಸ್ತ್ರರಹಿತ ಚಿಕಿತ್ಸೆ ಎನ್ನಲಾಗುತ್ತದೆ. ಬಹುಪಾಲು ರೋಗಿಗಳಲ್ಲಿ ಮೊದಲು ಅನುಸರಿಸುವ ಮಾರ್ಗ ಇದೇ ಆಗಿದೆ. ಆದರೆ ನೋವಿಗೆ ದಂತಕ್ಷಯ, ಬಿರುಕು ಮೊದಲಾದ ಬೇರೆ ಕಾರಣಗಳಿಲ್ಲವೆಂದು ಖಚಿತವಾದ ನಂತರವೇ ಇದು ಸರಿಯಾದ ಚಿಕಿತ್ಸೆಯೆನಿಸುತ್ತದೆ.

ನೋವು ಹುಟ್ಟುವ ಬಗೆ

ಹಲ್ಲಿನ ಕಿರೀಟಭಾಗವನ್ನು ಎನಾಮಲ್ ಎಂಬ ಗಟ್ಟಿ ಪದರವೂ ಬೇರನ್ನು ಸಿಮೆಂಟಮ್ ಎಂಬ ತೆಳು ಪದರವೂ ಹೊದ್ದಿರುತ್ತವೆ. ಇವೆರಡರ ಕೆಳಗೆ ಡೆಂಟಿನ್ ಇದೆ. ಡೆಂಟಿನ್‌ನ ಉದ್ದಕ್ಕೂ ಹೊರಮೈಯಿಂದ ಒಳಗಿನ ತಿರುಳಿನವರೆಗೆ ಅಸಂಖ್ಯ ಸೂಕ್ಷ್ಮನಾಳಗಳು ಹಬ್ಬಿವೆ. ಇವುಗಳ ವ್ಯಾಸ ಸುಮಾರು 1ರಿಂದ 2.5 ಮೈಕ್ರೋಮೀಟರ್ ಮಾತ್ರ. ನಾಳಗಳೊಳಗೆ ದ್ರವ ತುಂಬಿದ್ದು, ತಿರುಳಿನ ಸಮೀಪದಲ್ಲಿ ನರತಂತುಗಳ ತುದಿಗಳಿರುತ್ತವೆ.

ತೆರೆದ ನಾಳದ ಮೇಲೆ ತಂಪು ಅಥವಾ ಗಾಳಿ ತಾಗಿದಾಗ ಒಳಗಿನ ದ್ರವ ಹೊರಮುಖವಾಗಿ ಚಲಿಸುತ್ತದೆ. ಬಿಸಿ ತಾಗಿದಾಗ ಒಳಮುಖವಾಗಿ ಚಲಿಸುತ್ತದೆ. ಈ ಚಲನೆಯು ನರತಂತುಗಳನ್ನು ಪ್ರಚೋದಿಸಿ ನೋವನ್ನು ಉಂಟುಮಾಡುತ್ತದೆ. ಹೊರಮುಖ ಚಲನೆಗೆ ನರಗಳು ಹೆಚ್ಚು ತೀವ್ರವಾಗಿ ಸ್ಪಂದಿಸುವುದರಿಂದ, ಬಿಸಿಗಿಂತ ತಂಪಿಗೆ ಹಲ್ಲು ಹೆಚ್ಚಾಗಿ ಜುಮ್ಮೆನ್ನುತ್ತದೆ. ಇದನ್ನು ದ್ರವಚಲನ ಸಿದ್ಧಾಂತ ಎನ್ನುತ್ತಾರೆ. ಇದರ ಮೂಲ ಕಲ್ಪನೆಯನ್ನು 1900ರಲ್ಲಿ ಆಲ್ಫ್ರೆಡ್ ಗೀಸಿ ಮುಂದಿಟ್ಟಿದ್ದರು. 1960ರ ದಶಕದಲ್ಲಿ ಸ್ವೀಡನ್‌ನ ಮಾರ್ಟಿನ್ ಬ್ರಾನ್‌ಸ್ಟ್ರೋಮ್ ಅವರು ಪ್ರಯೋಗಗಳ ಮೂಲಕ ಅದಕ್ಕೆ ಆಧಾರ ಒದಗಿಸಿದರು.

ಸಪೂರ ನಾಳದಲ್ಲಿ ಹರಿಯುವ ದ್ರವದ ಪ್ರಮಾಣವು ತ್ರಿಜ್ಯದ ನಾಲ್ಕನೆಯ ಘಾತವನ್ನು ಅವಲಂಬಿಸಿರುತ್ತದೆ. ಅಂದರೆ ನಾಳದ ಬಾಯಿ ಅರ್ಧದಷ್ಟು ಕಿರಿದಾದರೂ ಹರಿವು ಹದಿನಾರನೆಯ ಒಂದು ಭಾಗಕ್ಕೆ ಇಳಿಯುತ್ತದೆ. ನಾಳಗಳನ್ನು ಸಂಪೂರ್ಣವಾಗಿ ಮುಚ್ಚದಿದ್ದರೂ ನೋವು ಗಣನೀಯವಾಗಿ ಕಡಿಮೆಯಾಗುವುದು ಇದರಿಂದಲೇ. ಲೇಪನಗಳೂ ಟೂತ್‌ಪೇಸ್ಟ್‌ಗಳೂ ಫಲ ನೀಡುವುದರ ಹಿಂದೆ ಮುಖ್ಯವಾಗಿ ಇದೇ ತತ್ತ್ವವಿದೆ.

ಕಾರಣಗಳು

ವಸಡು ಕೆಳಸರಿದು ಬೇರು ಹೊರಗೆ ಕಾಣಿಸಿಕೊಳ್ಳುವುದು ಅತಿ ಸಾಮಾನ್ಯ ಕಾರಣ. ಬೇರಿನ ಮೇಲಿನ ಸಿಮೆಂಟಮ್ ತೀರ ತೆಳುವಾಗಿರುವುದರಿಂದ ಬೇಗನೆ ಸವೆದುಹೋಗುತ್ತದೆ. ಒರಟು ಬ್ರಷ್‌ನಿಂದ ಬಲವಾಗಿ ಅಡ್ಡಡ್ಡ ಉಜ್ಜುವುದು, ವಸಡಿನ ರೋಗ, ನಿದ್ರೆಯಲ್ಲಿ ಹಲ್ಲು ಕಡಿಯುವ ಅಭ್ಯಾಸ ಇವೂ ಹಲ್ಲನ್ನು ಸವೆಸುತ್ತವೆ. ಇದ್ದಿಲು, ಇಟ್ಟಿಗೆಪುಡಿ, ಬೂದಿ, ಹರಳುಪ್ಪು ಮುಂತಾದ ಒರಟು ವಸ್ತುಗಳಿಂದ ಹಲ್ಲುಜ್ಜುವ ರೂಢಿಯಿಂದಲೂ ಇದೇ ಹಾನಿಯಾಗುತ್ತದೆ.

ಎರಡನೆಯ ಮುಖ್ಯ ಕಾರಣ ಆಮ್ಲ. ಬಾಯಿಯ ಪಿಎಚ್ ಸುಮಾರು 5.5ಕ್ಕಿಂತ ಕೆಳಗಿಳಿದಾಗ ಎನಾಮಲ್ ಕರಗಲಾರಂಭಿಸುತ್ತದೆ. ಡೆಂಟಿನ್ ಅದಕ್ಕಿಂತ ಸೌಮ್ಯವಾದ ಆಮ್ಲದಲ್ಲಿಯೇ ಕರಗುತ್ತದೆ. ನಿಂಬೆರಸ, ಹುಣಸೆ, ಮಾವಿನಕಾಯಿ, ತಂಪು ಪಾನೀಯಗಳು ಹಾಗೂ ಹೊಟ್ಟೆಯಿಂದ ಮರಳಿ ಬರುವ ಹುಳಿತೇಗು ಈ ಗುಂಪಿಗೆ ಸೇರುತ್ತವೆ. ಸ್ಕೇಲಿಂಗ್ ಮಾಡಿಸಿದ ನಂತರ ಅಥವಾ ಹಲ್ಲು ಬಿಳುಪುಗೊಳಿಸುವ ಚಿಕಿತ್ಸೆಯ ನಂತರ ಕಾಣಿಸುವ ಜುಮ್ಮೆನ್ನುವಿಕೆ ಸಾಮಾನ್ಯವಾಗಿ ತಾತ್ಕಾಲಿಕ.

ಕೋರೆಹಲ್ಲು ಮತ್ತು ಅದರ ಹಿಂದಿನ ಮುಂದವಡೆಗಳ ಹೊರಬದಿಯಲ್ಲಿ, ವಸಡಿನ ಅಂಚಿನಲ್ಲಿ ಈ ತೊಂದರೆ ಹೆಚ್ಚಾಗಿ ಕಂಡುಬರುತ್ತದೆ.

ರೋಗನಿರ್ಣಯ

ಅತಿಸಂವೇದನೆಯನ್ನು ಬೇರೆ ಕಾರಣಗಳನ್ನು ತಳ್ಳಿಹಾಕುವ ಮೂಲಕ ನಿರ್ಣಯಿಸಲಾಗುತ್ತದೆ. ದಂತವೈದ್ಯರು ಗಾಳಿಯ ಊದುವಿಕೆ ಮತ್ತು ಚೂಪಾದ ಉಪಕರಣದ ಮೃದುಸ್ಪರ್ಶದಿಂದ ನೋವಿನ ಜಾಗವನ್ನು ಗುರುತಿಸಿ, ಹಲ್ಲನ್ನು ತಟ್ಟಿ ನೋಡಿ, ಅಗತ್ಯವಿದ್ದರೆ ಎಕ್ಸ್-ರೇ ತೆಗೆಯುತ್ತಾರೆ.

ಕೆಳಗಿನ ಲಕ್ಷಣಗಳು ಸರಳ ಅತಿಸಂವೇದನೆಯವಲ್ಲ:
• ತಂಪು ಅಥವಾ ಬಿಸಿ ತೆಗೆದ ನಂತರವೂ ನಿಮಿಷಗಟ್ಟಲೆ ಉಳಿಯುವ ನೋವು
• ಯಾವ ಪ್ರಚೋದನೆಯೂ ಇಲ್ಲದೆ ತಾನಾಗಿ ಬರುವ, ರಾತ್ರಿ ನಿದ್ರೆಗೆಡಿಸುವ ನೋವು
• ಕಚ್ಚಿದಾಗ ಮಾತ್ರ ಒಂದೇ ಹಲ್ಲಿನಲ್ಲಿ ಬರುವ ನೋವು
• ವಸಡಿನ ಊತ, ಕೀವು ಅಥವಾ ಹಲ್ಲಿನಲ್ಲಿ ಕಾಣುವ ಕುಳಿ

ಇವು ತಿರುಳಿನ ಉರಿಯೂತ, ಹಲ್ಲಿನ ಬಿರುಕು, ಸೋಂಕು ಅಥವಾ ದಂತಕ್ಷಯವನ್ನು ಸೂಚಿಸಬಹುದು. ಇಂತಹ ಸ್ಥಿತಿಯಲ್ಲಿ ನೋವು ತಗ್ಗಿಸುವ ಟೂತ್‌ಪೇಸ್ಟನ್ನೇ ನೆಚ್ಚಿ ಕುಳಿತರೆ ರೋಗ ಒಳಗೊಳಗೇ ಮುಂದುವರಿದು, ಸಣ್ಣ ಭರ್ತಿಯಿಂದ ಉಳಿಯಬಹುದಾಗಿದ್ದ ಹಲ್ಲಿಗೆ ರೂಟ್ ಕೆನಾಲ್ ಚಿಕಿತ್ಸೆ ಬೇಕಾಗಬಹುದು ಅಥವಾ ಹಲ್ಲನ್ನೇ ಕೀಳಬೇಕಾಗಬಹುದು.

ಮನೆಯಲ್ಲಿ ಮಾಡುವ ಚಿಕಿತ್ಸೆ

ಅತಿಸಂವೇದನೆಗೆಂದು ತಯಾರಾಗುವ ಟೂತ್‌ಪೇಸ್ಟ್‌ಗಳು ಎರಡು ರೀತಿಯಲ್ಲಿ ಕೆಲಸ ಮಾಡುತ್ತವೆ.

ನರವನ್ನು ಶಾಂತಗೊಳಿಸುವವು: ಇವುಗಳಲ್ಲಿ ಸಾಮಾನ್ಯವಾಗಿ 5 ಪ್ರತಿಶತ ಪೊಟ್ಯಾಸಿಯಮ್ ನೈಟ್ರೇಟ್ ಇರುತ್ತದೆ. ಪೊಟ್ಯಾಸಿಯಮ್ ಅಯಾನುಗಳು ನಾಳಗಳ ಮೂಲಕ ಒಳಸೇರಿ ನರತುದಿಗಳ ಪ್ರತಿಕ್ರಿಯೆಯನ್ನು ಮಂದಗೊಳಿಸುತ್ತವೆ ಎಂಬುದು ಇದರ ಹಿಂದಿನ ವಿವರಣೆ. 1974ರಲ್ಲಿ ಮಿಲ್ಟನ್ ಹೋಡೋಶ್ ಈ ಲವಣದ ಉಪಯೋಗವನ್ನು ವರದಿ ಮಾಡಿದರು.

ನಾಳಗಳನ್ನು ಮುಚ್ಚುವವು: 1961ರಲ್ಲಿ ಮಾರುಕಟ್ಟೆಗೆ ಬಂದ ಸೆನ್ಸೊಡೈನ್ ಪೇಸ್ಟ್ ಮೊದಲಿಗೆ ಸ್ಟ್ರಾನ್ಷಿಯಮ್ ಕ್ಲೋರೈಡನ್ನು ಬಳಸಿತ್ತು. ಈಗ ಸ್ಟ್ಯಾನಸ್ ಫ್ಲೋರೈಡ್, ಕ್ಯಾಲ್ಸಿಯಮ್ ಕಾರ್ಬೊನೇಟ್‌ನೊಂದಿಗೆ 8 ಪ್ರತಿಶತ ಆರ್ಜಿನಿನ್ ಹಾಗೂ ಕ್ಯಾಲ್ಸಿಯಮ್ ಸೋಡಿಯಮ್ ಫಾಸ್ಫೊಸಿಲಿಕೇಟ್ ಬಳಕೆಯಲ್ಲಿವೆ. ಕೊನೆಯದು 1969ರಲ್ಲಿ ಅಮೆರಿಕದ ಲ್ಯಾರಿ ಹೆಂಚ್ ಅವರು ಮೂಳೆಯೊಂದಿಗೆ ಬೆಸೆಯುವಂತೆ ರೂಪಿಸಿದ ಜೈವಿಕ ಗಾಜಿನಿಂದ ಬಂದದ್ದು. ಇದು ಜೊಲ್ಲಿನೊಂದಿಗೆ ಸೇರಿದಾಗ ಕ್ಯಾಲ್ಸಿಯಮ್ ಮತ್ತು ಫಾಸ್ಫೇಟನ್ನು ಬಿಡುಗಡೆ ಮಾಡಿ ನಾಳದ ಬಾಯಲ್ಲಿ ಖನಿಜದ ಪದರವನ್ನು ಕಟ್ಟುತ್ತದೆ.

ಪೊಟ್ಯಾಸಿಯಮ್ ಪೇಸ್ಟ್‌ಗಳ ಪರಿಣಾಮ ಒಂದೆರಡು ದಿನಗಳಲ್ಲಿ ಕಾಣಿಸುವುದಿಲ್ಲ. ದಿನಕ್ಕೆ ಎರಡು ಬಾರಿಯಂತೆ ಎರಡರಿಂದ ನಾಲ್ಕು ವಾರ ಎಡೆಬಿಡದೆ ಬಳಸಬೇಕಾಗುತ್ತದೆ; ಬಳಕೆ ನಿಲ್ಲಿಸಿದರೆ ನೋವು ಮರಳಬಹುದು. ನಾಲ್ಕು ವಾರಗಳಲ್ಲಿ ಗುಣ ಕಾಣದಿದ್ದರೆ ದಂತವೈದ್ಯರನ್ನು ಕಾಣುವುದು ಸೂಕ್ತ. ಉಜ್ಜಿದ ನಂತರ ನೊರೆಯನ್ನು ಉಗಿದು, ಹೆಚ್ಚು ನೀರಿನಿಂದ ಮುಕ್ಕಳಿಸದಿದ್ದರೆ ಔಷಧಾಂಶ ಹಲ್ಲಿನ ಮೇಲೆ ಉಳಿಯುತ್ತದೆ.

ಲವಂಗದ ಎಣ್ಣೆಯಲ್ಲಿರುವ ಯೂಜಿನಾಲ್ ತಾತ್ಕಾಲಿಕವಾಗಿ ನೋವನ್ನು ಮರಗಟ್ಟಿಸುತ್ತದೆ. ಆದರೆ ಅದು ತೆರೆದ ನಾಳಗಳಿಗೆ ಚಿಕಿತ್ಸೆಯಲ್ಲ. ನೇರವಾಗಿ ಹಚ್ಚಿದರೆ ವಸಡು ಸುಡಬಹುದು. ಉಪ್ಪು ಮತ್ತು ನಿಂಬೆರಸ ಬೆರೆಸಿ ಉಜ್ಜುವುದರಿಂದ ಸವೆತ ಇನ್ನಷ್ಟು ಹೆಚ್ಚುತ್ತದೆ.

ದಂತವೈದ್ಯರು ನೀಡುವ ಚಿಕಿತ್ಸೆ

ಫ್ಲೋರೈಡ್ ವಾರ್ನಿಷ್: 5 ಪ್ರತಿಶತ ಸೋಡಿಯಮ್ ಫ್ಲೋರೈಡ್ ಇರುವ ಈ ಲೇಪನದಲ್ಲಿ ಹತ್ತು ಲಕ್ಷ ಭಾಗಗಳಿಗೆ 22,600 ಭಾಗ ಫ್ಲೋರೈಡ್ ಇರುತ್ತದೆ, ಸಾಮಾನ್ಯ ಟೂತ್‌ಪೇಸ್ಟ್‌ನಲ್ಲಿ ಇರುವುದು 1,000ದಿಂದ 1,500 ಭಾಗ. ಇದನ್ನು ಕಾಲಕಾಲಕ್ಕೆ ಮತ್ತೆ ಹಚ್ಚಬೇಕಾಗುತ್ತದೆ.

ಗ್ಲುಟರಾಲ್ಡಿಹೈಡ್ ಲೇಪನ: ಇದು ನಾಳದ ದ್ರವದಲ್ಲಿರುವ ಪ್ರೋಟೀನನ್ನು ಹೆಪ್ಪುಗಟ್ಟಿಸಿ ಹರಿವನ್ನು ತಡೆಯುತ್ತದೆ. ವಸಡಿಗೆ ತಾಗದಂತೆ ಎಚ್ಚರವಹಿಸಬೇಕು.

ಆಕ್ಸಲೇಟ್ ಲೇಪನ: ಕ್ಯಾಲ್ಸಿಯಮ್‌ನೊಂದಿಗೆ ಸೇರಿ ನಾಳಗಳಲ್ಲಿ ಸಣ್ಣ ಹರಳುಗಳನ್ನು ಉಂಟುಮಾಡುತ್ತದೆ.

ಹಾಲಿನ ಪ್ರೋಟೀನಿನ ಕ್ರೀಮ್: ಕೇಸಿನ್‌ನಿಂದ ತಯಾರಾದ ಇದು ಕ್ಯಾಲ್ಸಿಯಮ್ ಮತ್ತು ಫಾಸ್ಫೇಟನ್ನು ಹಲ್ಲಿಗೆ ಒದಗಿಸುತ್ತದೆ. ಹಾಲಿನ ಪ್ರೋಟೀನಿಗೆ ಅಲರ್ಜಿ ಇರುವವರು ಇದನ್ನು ಬಳಸಬಾರದು.

ಲೇಸರ್: ಕಡಿಮೆ ಶಕ್ತಿಯ ಲೇಸರ್ ನರದ ಪ್ರತಿಕ್ರಿಯೆಯನ್ನು ತಗ್ಗಿಸಿದರೆ, ಹೆಚ್ಚು ಶಕ್ತಿಯದು ಡೆಂಟಿನ್‌ನ ಮೇಲ್ಮೈಯನ್ನು ಕರಗಿಸಿ ನಾಳಗಳನ್ನು ಮುಚ್ಚುತ್ತದೆ.

ಪರಿಣಾಮ ಮತ್ತು ಮಿತಿಗಳು

ಆದರ್ಶ ಔಷಧವು ತಿರುಳಿಗೆ ಹಾನಿ ಮಾಡದೆ, ಹಚ್ಚುವಾಗ ನೋಯಿಸದೆ, ಸುಲಭವಾಗಿ, ಬೇಗನೆ, ದೀರ್ಘಕಾಲ, ಬಣ್ಣಗೆಡಿಸದೆ ಮತ್ತು ಪ್ರತಿ ಬಾರಿಯೂ ಒಂದೇ ತೆರನಾಗಿ ಕೆಲಸ ಮಾಡಬೇಕು ಎಂದು ಲೂಯಿಸ್ ಗ್ರಾಸ್‌ಮನ್ 1935ರಲ್ಲಿ ಪಟ್ಟಿಮಾಡಿದ್ದರು. ಈ ಎಲ್ಲ ಗುಣಗಳನ್ನೂ ಒಳಗೊಂಡ ಒಂದೇ ಔಷಧ ಇನ್ನೂ ದೊರೆತಿಲ್ಲ. ಪೊಟ್ಯಾಸಿಯಮ್ ಪೇಸ್ಟ್‌ಗಳ ಬಗ್ಗೆ 2006ರಲ್ಲಿ ಪ್ರಕಟವಾದ ಕಾಕ್ರೇನ್ ಪರಾಮರ್ಶೆಯು ಅವುಗಳ ಪರವಾಗಿ ಪ್ರಬಲ ಪುರಾವೆಯಿಲ್ಲವೆಂದು ಹೇಳಿತು. 2021ರ ಇನ್ನೊಂದು ಕಾಕ್ರೇನ್ ಪರಾಮರ್ಶೆಯು ಲೇಸರ್ ಕುರಿತ ಪುರಾವೆ ಸೀಮಿತ ಹಾಗೂ ಅನಿಶ್ಚಿತವೆಂದು ತಿಳಿಸಿತು. ಔಷಧರಹಿತ ಪೇಸ್ಟ್ ಬಳಸಿದವರಲ್ಲೂ ನೋವು ಕಡಿಮೆಯಾಗುವುದು ಕಂಡುಬರುವುದರಿಂದ, ಪ್ರಯೋಗಗಳಲ್ಲಿ ಔಷಧದ ನಿಜವಾದ ಪರಿಣಾಮವನ್ನು ಬೇರ್ಪಡಿಸುವುದು ಕಷ್ಟ.

ಈ ಕ್ರಮಗಳು ಫಲಿಸದಿದ್ದಾಗ ಸವೆದ ಭಾಗವನ್ನು ಹಲ್ಲಿನ ಬಣ್ಣದ ಭರ್ತಿಯಿಂದ ಮುಚ್ಚುವುದು, ವಸಡಿನ ಕಸಿ, ಕೊನೆಯದಾಗಿ ರೂಟ್ ಕೆನಾಲ್ ಚಿಕಿತ್ಸೆಯನ್ನು ಪರಿಗಣಿಸಲಾಗುತ್ತದೆ.

ಮುನ್ನೆಚ್ಚರಿಕೆ

ಮೂಲ ಕಾರಣ ಉಳಿದರೆ ಯಾವ ಲೇಪನವೂ ಬಹುಕಾಲ ನಿಲ್ಲದು. ಮೃದು ಎಳೆಗಳ ಬ್ರಷ್ ಬಳಸುವುದು, ಒತ್ತಡ ಹಾಕದೆ ಉಜ್ಜುವುದು, ಒರಟು ಹಲ್ಲುಪುಡಿಗಳನ್ನು ಬಿಡುವುದು ಮುಖ್ಯ. ಹುಳಿ ಪದಾರ್ಥ ಸೇವಿಸಿದ ತಕ್ಷಣ ಹಲ್ಲಿನ ಮೇಲ್ಮೈ ಮೆತ್ತಗಾಗಿರುವುದರಿಂದ, ಆಗ ನೀರಿನಿಂದ ಬಾಯಿ ಮುಕ್ಕಳಿಸಿ, ಅರ್ಧದಿಂದ ಒಂದು ಗಂಟೆಯ ನಂತರ ಉಜ್ಜಬೇಕು. ನಿದ್ರೆಯಲ್ಲಿ ಹಲ್ಲು ಕಡಿಯುವವರಿಗೆ ದಂತವೈದ್ಯರು ರಾತ್ರಿ ಧರಿಸುವ ರಕ್ಷಾಕವಚವನ್ನು ಮಾಡಿಕೊಡುತ್ತಾರೆ. ನೋವಿನ ಭಯದಿಂದ ಹಲ್ಲುಜ್ಜುವುದನ್ನೇ ಬಿಟ್ಟರೆ ಪಾಚಿ ಕಟ್ಟಿ, ವಸಡು ಮತ್ತಷ್ಟು ಕೆಳಸರಿದು ತೊಂದರೆ ಉಲ್ಬಣಿಸುತ್ತದೆ.