ಚಾಟ್‌ನಲ್ಲಿ ಪ್ರೇಮಕಥೆ ಆಡೋರಿಗೆ

ಚಿತ್ರ ಇಲ್ಲ, ದನಿ ಇಲ್ಲ. ಒಬ್ಬೊಬ್ಬರು ಒಂದೊಂದು ಪಾತ್ರವಾಗಿ, ಬರೀ ಅಕ್ಷರದಲ್ಲೇ ಜನ ಸೇರಿ ಕಥೆ ಕಟ್ಟೋ ಆಟ ಇದು, ರೋಲ್‌ಪ್ಲೇ ಅಂತಾರೆ. 1978ರಲ್ಲಿ ಇಂಗ್ಲೆಂಡಿನ ಎಸೆಕ್ಸ್ ವಿಶ್ವವಿದ್ಯಾಲಯದಲ್ಲಿ ರಾಯ್ ಟ್ರಬ್‌ಶಾ ಶುರುಮಾಡಿ, ರಿಚರ್ಡ್ ಬಾರ್ಟಲ್ ಬೆಳೆಸಿದ ‘ಮಡ್’ ಅನ್ನೋ ಕಂಪ್ಯೂಟರ್ ಆಟ ಇದಕ್ಕೆ ಒಂದು ಮೂಲ. ಈಗ ಡಿಸ್ಕಾರ್ಡ್‌ನಂಥ ಚಾಟ್ ಆ್ಯಪ್‌ಗಳಲ್ಲಿ ಆಡ್ತಾರೆ. ಪಾತ್ರಗಳು ಪ್ರೀತಿಸೋದೂ ಸಹಜ.

‘ಅವನು’ ನಿಮ್ಮ ಪಾತ್ರ ಅಂದುಕೊಳ್ಳಿ. ನೀವು ಬರೆದ ಒಂದು ಸಾಲು ನೋಡಿ: ‘ಅವನು ಕೈ ಹಿಡಿದ, ಅವಳು ನಾಚಿ ಎದೆಗೊರಗಿದಳು.’ ಒರಗಿದ ಪಾತ್ರ ಯಾರದ್ದು? ಎದುರಿನವರದ್ದು. ಅದನ್ನೂ ನೀವೇ ನಡೆಸಿಬಿಟ್ಟಿರಿ! ಬದಲಿಗೆ, ‘ಅವನು ಕೈ ಚಾಚಿದ’ ಅಂತ ಬರೆದು ನಿಲ್ಲಿಸಿ. ಹಿಡಿಯೋದು, ಬಿಡೋದು ಅವರಿಗೆ ಬಿಟ್ಟದ್ದು. ಉತ್ತರಕ್ಕೆ ಕಾಯೋ ಆ ಹೊತ್ತಲ್ಲೇ ಪ್ರೇಮಕಥೆಯ ಸೊಗಸೆಲ್ಲ ಇರೋದು.

ಎಲ್ಲಿವರೆಗೆ ಹೋಗಬಹುದು ಅಂತ ಶುರುವಲ್ಲೇ, ಪಾತ್ರದಿಂದ ಹೊರಬಂದು ಕೇಳಿ. ರೋಲ್‌ಪ್ಲೇ ಆಡೋರಲ್ಲಿ ‘ಗೆರೆ’, ‘ಪರದೆ’ ಅಂತ ಒಂದು ಪದ್ಧತಿ ಇದೆ. ಗೆರೆ ಅಂದ್ರೆ ಕಥೆಯೊಳಗೆ ಬರಲೇಬಾರದ್ದು. ಪರದೆ ಅಂದ್ರೆ ನಡೆದರೂ ವಿವರಿಸದೆ ದಾಟಿಹೋಗೋದು. ‘ಬಾಗಿಲು ಮುಚ್ಚಿತು. ಬೆಳಗಾಯಿತು.’ ಇಷ್ಟೇ ಸಾಕು, ನಿಜವಾಗಿ ಸಾಕು.

ವಯಸ್ಸಿನ ವಿಷಯದಲ್ಲಿ ಮಾತ್ರ ರಾಜಿ ಬೇಡ. ಡಿಸ್ಕಾರ್ಡ್‌ಗೆ 13 ವರ್ಷದವರೂ ಸೇರಬಹುದು. ಮಕ್ಕಳನ್ನು ಲೈಂಗಿಕ ದೌರ್ಜನ್ಯದಿಂದ ಕಾಪಾಡೋ ಭಾರತದ ಪೋಕ್ಸೊ ಕಾಯ್ದೆ ಪ್ರಕಾರ 18 ತುಂಬದವರೆಲ್ಲ ಮಕ್ಕಳು. ದೊಡ್ಡವರೇ, ಎದುರಿಗಿರೋದು ಮಗು ಅನ್ನೋ ಅನುಮಾನ ಬಂದರೂ ಪ್ರೇಮದ ಎಳೆ ಅಲ್ಲೇ ಬಿಟ್ಟುಬಿಡಿ.

ಮಕ್ಕಳೇ, ಯಾರಾದರೂ ‘ನಿನ್ನ ಫೋಟೊ ಕಳಿಸು, ಮನೇಲಿ ಹೇಳಬೇಡ’ ಅಂದರೆ ಸ್ಕ್ರೀನ್‌ಶಾಟ್ ತೆಗೆದು ಬ್ಲಾಕ್ ಮಾಡಿ, ನಂಬಿಕೆಯ ದೊಡ್ಡವರಿಗೆ ತಿಳಿಸಿ. ಮಕ್ಕಳ ಸಹಾಯವಾಣಿ 1098.