ಗಲ್ಲಾದ ಹಿಂದೆ ಕುಳಿತವರ ಆರೋಗ್ಯ

ಹೋಟೆಲಿಗೆ ಹೋದಾಗ ಇಡ್ಲಿ ಬಿಸಿಯಾಗಿದೆಯೇ ಎಂದು ನೋಡುತ್ತೇವೆ. ಗಲ್ಲಾದಲ್ಲಿರುವ ಮ್ಯಾನೇಜರ್ ಊಟ ಮಾಡಿದ್ದಾರೆಯೇ ಎಂದು ಯೋಚಿಸುವವರು ಕಡಿಮೆ.

ಬೆಳಗಿನ ಜಾವ ಹಾಲು, ತರಕಾರಿ ಇಳಿಸಿಕೊಳ್ಳುವುದರಿಂದ ಹಿಡಿದು ರಾತ್ರಿ ಲೆಕ್ಕ ಮುಗಿಸುವವರೆಗೆ ಎಲ್ಲವೂ ಅವರ ಹೊಣೆ. ದೋಸೆ ಭಟ್ಟರು ಹೇಳದೆ ಊರಿಗೆ ಹೋದರೂ, ಕಾಫಿ ತಣ್ಣಗಿದೆ ಎಂದು ಗಿರಾಕಿ ರೇಗಿದರೂ ಉತ್ತರ ಕೊಡಬೇಕಾದವರು ಅವರೇ. ಆದರೆ ಒಬ್ಬ ಸಪ್ಲೈಯರನ್ನು ಹೆಚ್ಚಿಗೆ ಇಟ್ಟುಕೊಳ್ಳಲು ಅನೇಕ ಕಡೆ ಮಾಲೀಕರ ಅಪ್ಪಣೆ ಬೇಕು.

ತೊಂದರೆ ಇರುವುದು ಇಲ್ಲಿಯೇ. ಕೆಲಸದ ಭಾರ ಹೆಚ್ಚು, ತೀರ್ಮಾನಿಸುವ ಸ್ವಾತಂತ್ರ್ಯ ಕಡಿಮೆ. ಇವೆರಡೂ ಸೇರಿದಾಗ ಒತ್ತಡ ಮಿತಿಮೀರುತ್ತದೆ ಎಂದು ರಾಬರ್ಟ್ ಕರಾಸೆಕ್ ಎಂಬ ಸಂಶೋಧಕರು 1979ರಲ್ಲಿ ವಿವರಿಸಿದರು. ಹೊಣೆಯಿದ್ದು ಅಧಿಕಾರವಿಲ್ಲದಿದ್ದರೆ ಸಂಬಳ ಚೆನ್ನಾಗಿದ್ದರೂ ತೃಪ್ತಿ ಸಿಗುವುದು ಕಷ್ಟ.

ಈ ಅತೃಪ್ತಿ ಮನಸ್ಸಿನಲ್ಲಷ್ಟೇ ಉಳಿಯುವುದಿಲ್ಲ. ಅಡ್ರಿನಲಿನ್, ಕಾರ್ಟಿಸೋಲ್ ಹಾರ್ಮೋನುಗಳು ಹೆಚ್ಚಾಗಿ ನಾಡಿಬಡಿತ, ರಕ್ತದೊತ್ತಡ ಏರುತ್ತವೆ, ನಿದ್ದೆ ಕೆಡುತ್ತದೆ. ಹೊತ್ತು ಮೀರಿದ ಊಟ, ಮೇಲಿಂದ ಮೇಲೆ ಕಾಫಿ ಸೇರಿದರೆ ಎದೆಯುರಿ, ಹುಳಿತೇಗು ಶುರುವಾಗಬಹುದು. ವಾರಕ್ಕೆ 35ರಿಂದ 40 ಗಂಟೆ ದುಡಿಯುವವರಿಗಿಂತ 55 ಗಂಟೆ ಅಥವಾ ಹೆಚ್ಚು ದುಡಿಯುವವರಲ್ಲಿ ಪಾರ್ಶ್ವವಾಯುವಿನ ಅಪಾಯ ಶೇ. 35ರಷ್ಟು, ಹೃದಯ ರಕ್ತನಾಳಗಳ ಕಾಯಿಲೆಯಿಂದ ಸಾಯುವ ಅಪಾಯ ಶೇ. 17ರಷ್ಟು ಹೆಚ್ಚು ಎಂದು ವಿಶ್ವ ಆರೋಗ್ಯ ಸಂಸ್ಥೆ ಹಾಗೂ ಅಂತರರಾಷ್ಟ್ರೀಯ ಕಾರ್ಮಿಕ ಸಂಸ್ಥೆ 2021ರಲ್ಲಿ ತಿಳಿಸಿದವು. ದಿನಕ್ಕೆ 10 ಗಂಟೆಯಂತೆ ಆರು ದಿನ ದುಡಿದರೆ 60 ಗಂಟೆಯಾಯಿತು!

ನೀವು ಈ ವೃತ್ತಿಯಲ್ಲಿದ್ದರೆ ಹೀಗೆ ಮಾಡಿ:

1. ಗಿರಾಕಿಗಳ ನೂಕುನುಗ್ಗಲು ಆರಂಭವಾಗುವ ಮೊದಲೇ, ಕುಳಿತು ಊಟ ಮಾಡಿ.

2. ವಾರದ ರಜೆಯನ್ನು ಬಿಡಬೇಡಿ.

3. ಯಾವ ವಿಷಯಗಳನ್ನು ನೀವೇ ತೀರ್ಮಾನಿಸಬಹುದು ಎಂಬುದನ್ನು ಮಾಲೀಕರೊಂದಿಗೆ ಮಾತಾಡಿ ಗೊತ್ತುಮಾಡಿಕೊಳ್ಳಿ.

4. ರಕ್ತದೊತ್ತಡ, ಸಕ್ಕರೆ ಅಂಶ ಪರೀಕ್ಷಿಸಿಕೊಳ್ಳಿ. ಒತ್ತಡ ತಡೆಯಲು ಸಿಗರೇಟು, ಮದ್ಯದ ಮೊರೆಹೋಗಬೇಡಿ.

5. ವಾರಗಟ್ಟಲೆ ನಿದ್ದೆಯಿಲ್ಲದಿದ್ದರೆ, ಯಾವುದರಲ್ಲೂ ಆಸಕ್ತಿ ಇಲ್ಲದಿದ್ದರೆ ವೈದ್ಯರಿಗೆ ಹೇಳಿ. ಅದು ಖಿನ್ನತೆಯೂ ಇರಬಹುದು. ಅದಕ್ಕೆ ಚಿಕಿತ್ಸೆ ಇದೆ.

ಒಂದು ಎಚ್ಚರಿಕೆ: ಎದೆಯಲ್ಲಿ ಹಿಂಡಿದಂತಾಗಿ ಬೆವರು ಬಂದರೆ, ನೋವು ತೋಳಿಗೋ ದವಡೆಗೋ ಹರಡಿದರೆ ‘ಗ್ಯಾಸ್’ ಎಂದುಕೊಂಡು ಸೋಡಾ ಕುಡಿದು ಕೂರಬೇಡಿ. ಅದು ಹೃದಯಾಘಾತವಿರಬಹುದು. 108ಕ್ಕೆ ಕರೆಮಾಡಿ ತಕ್ಷಣ ಆಸ್ಪತ್ರೆ ಸೇರಿ. ಗಲ್ಲಾ ಬೇರೆಯವರು ನೋಡಿಕೊಳ್ಳಲಿ.

ಮಾಲೀಕರಿಗೂ ಒಂದು ಮಾತು. ಗಲ್ಲಾದ ಕೀಲಿಕೈ ಕೊಟ್ಟಷ್ಟೇ ನಂಬಿಕೆಯಿಂದ ಒಂದಿಷ್ಟು ಅಧಿಕಾರವನ್ನೂ ಕೊಡಿ. ಮ್ಯಾನೇಜರ ಆರೋಗ್ಯಕ್ಕೂ ಒಳ್ಳೆಯದು, ನಿಮ್ಮ ವ್ಯಾಪಾರಕ್ಕೂ ಒಳ್ಳೆಯದು.