ಕ್ಯಾಲೊರಿ ಸೈಕ್ಲಿಂಗ್: ನಂಬಿಕೆ ಎಷ್ಟು, ನಿಜ ಎಷ್ಟು?

ಐದು ದಿನ ಮಿತವಾಗಿ ಉಂಡು ಎರಡು ದಿನ ಹೊಟ್ಟೆ ತುಂಬ ತಿಂದರೆ ದೇಹ ಗೊಂದಲಕ್ಕೆ ಬಿದ್ದು ಕೊಬ್ಬು ಕರಗಿಸುತ್ತದೆ ಎಂಬ ಮಾತು ಜಿಮ್‌ಗಳಲ್ಲಿ, ವಾಟ್ಸ್ಆ್ಯಪ್‌ ಗುಂಪುಗಳಲ್ಲಿ ಓಡಾಡುತ್ತಿದೆ. ಹೀಗೆ ಆಹಾರವನ್ನು ಏರಿಳಿಸುವುದೇ ಕ್ಯಾಲೊರಿ ಸೈಕ್ಲಿಂಗ್. ವಿಧಾನವೇನೂ ಕೆಟ್ಟದ್ದಲ್ಲ. ಆದರೆ ಅದರ ಸುತ್ತ ಬೆಳೆದ ನಂಬಿಕೆಗಳನ್ನು ಒಪ್ಪಿ ನಡೆದವರು, ತೂಕ ಇಳಿಯದಿದ್ದಾಗ ತಮ್ಮನ್ನೇ ಹಳಿದುಕೊಳ್ಳುತ್ತಾರೆ. ಅದು ತಪ್ಪಬೇಕು.

ತಪ್ಪು ಕಲ್ಪನೆ: ಕಡಿಮೆ ತಿಂದರೆ ಚಯಾಪಚಯ ಕುಸಿದು ತೂಕ ಇಳಿಯುವುದೇ ನಿಲ್ಲುತ್ತದೆ.

ಸತ್ಯ: ಚಯಾಪಚಯ ನಿಧಾನವಾಗುತ್ತದೆ, ನಿಲ್ಲುವುದಿಲ್ಲ. ತೂಕ ಇಳಿದ ದೇಹಕ್ಕೆ ಬೇಕಾಗುವ ಶಕ್ತಿಯೇ ಕಡಿಮೆ. ಜೊತೆಗೆ ಲೆಪ್ಟಿನ್ ಹಾರ್ಮೋನ್ ಇಳಿದು ಹಸಿವು ಹೆಚ್ಚುತ್ತದೆ. ನಮಗೆ ಗೊತ್ತಿಲ್ಲದೆಯೇ ಓಡಾಟವೂ ತಗ್ಗುತ್ತದೆ. 1944-45ರಲ್ಲಿ ಅಮೆರಿಕದ ಮಿನೆಸೋಟಾದಲ್ಲಿ ಶರೀರವಿಜ್ಞಾನಿ ಆನ್ಸೆಲ್ ಕೀಸ್ 36 ಯುವಕರಿಗೆ 24 ವಾರ ಅರೆಹೊಟ್ಟೆ ಊಟ ಕೊಟ್ಟು ಪರೀಕ್ಷಿಸಿದರು. ಅವರ ಚಯಾಪಚಯ ಬಹಳ ತಗ್ಗಿತು. ಆದರೂ ದೇಹತೂಕದ ಸುಮಾರು ಕಾಲುಭಾಗ ಕರಗಿತು. ಆ ಯುವಕರು ಪಟ್ಟ ಪಾಡು ಯಾರಿಗೂ ಮಾದರಿಯಲ್ಲ, ಆದರೆ ‘ತೂಕ ಇಳಿಯುವುದೇ ನಿಲ್ಲುತ್ತದೆ’ ಎಂಬ ಮಾತು ಸುಳ್ಳೆಂದು ಅದರಿಂದ ತಿಳಿಯುತ್ತದೆ.

ತಪ್ಪು ಕಲ್ಪನೆ: ವಾರಕ್ಕೊಂದು ‘ಚೀಟ್ ಡೇ’ ಇದ್ದರೆ ಚಯಾಪಚಯ ಚುರುಕಾಗುತ್ತದೆ.

ಸತ್ಯ: ತಿಂದದ್ದನ್ನು ಜೀರ್ಣಿಸಲು ದೇಹ ಶಕ್ತಿ ಖರ್ಚು ಮಾಡುವುದು ಹೌದು. ಮಿಶ್ರ ಆಹಾರದಲ್ಲಿ ಅದು ಸುಮಾರು ಶೇ 10 ಮಾತ್ರ. 1,000 ಕ್ಯಾಲೊರಿ ಹೆಚ್ಚು ತಿಂದರೆ ಜೀರ್ಣಕ್ಕೆ 100 ಹೋಗಿ ಉಳಿದ 900 ದೇಹದಲ್ಲೇ ಇರುತ್ತದೆ. ವಾರದ ಲೆಕ್ಕ ನೋಡಿ: ಐದು ದಿನ 500ರಂತೆ ಕಡಿಮೆ ತಿಂದರೆ 2,500 ಉಳಿತಾಯ. ಶನಿವಾರ, ಭಾನುವಾರ ಹೋಳಿಗೆ, ಬಿರಿಯಾನಿ ಎಂದು ದಿನಕ್ಕೆ 1,000 ಹೆಚ್ಚು ತಿಂದರೆ ಅದರಲ್ಲಿ 2,000 ಹೋಯಿತು. ವಾರವಿಡೀ ಪಟ್ಟ ಕಷ್ಟಕ್ಕೆ ಸಿಕ್ಕಿದ್ದು 500.

ತಪ್ಪು ಕಲ್ಪನೆ: ದಿನವೂ ಮಿತವಾಗಿ ತಿನ್ನುವುದಕ್ಕಿಂತ ಏರಿಳಿಸಿ ತಿನ್ನುವುದೇ ಮೇಲು.

ಸತ್ಯ: ಅಮೆರಿಕದಲ್ಲಿ 100 ಜನರ ಮೇಲೆ ವರ್ಷವಿಡೀ ನಡೆದ ಅಧ್ಯಯನವೊಂದರ ಫಲಿತಾಂಶ 2017ರಲ್ಲಿ ಪ್ರಕಟವಾಯಿತು. ದಿನ ಬಿಟ್ಟು ದಿನ ಊಟ ಕಡಿಮೆ ಮಾಡಿದವರ ತೂಕ ಶೇ 6.0, ದಿನವೂ ಮಿತವಾಗಿ ತಿಂದವರ ತೂಕ ಶೇ 5.3 ಇಳಿದಿತ್ತು, ಗಣನೀಯ ವ್ಯತ್ಯಾಸವಿಲ್ಲ. ಅರ್ಧಕ್ಕೇ ಬಿಟ್ಟುಹೋದವರು ಮೊದಲ ಗುಂಪಿನಲ್ಲೇ ಹೆಚ್ಚು. ಆಸ್ಟ್ರೇಲಿಯಾದಲ್ಲಿ 51 ಬೊಜ್ಜುಳ್ಳ ಪುರುಷರ ಮೇಲೆ ನಡೆದ ಅಧ್ಯಯನದಲ್ಲಿ ಮಾತ್ರ, ಎರಡು ವಾರ ಪಥ್ಯ, ಎರಡು ವಾರ ಬಿಡುವು ಎಂಬ ಕ್ರಮ ಹೆಚ್ಚು ಫಲ ಕೊಟ್ಟಿತು. ಆದರೆ ಬಿಡುವಿನ ವಾರಗಳಲ್ಲಿ ಅವರು ಉಂಡದ್ದು ಅಳೆದುಕೊಟ್ಟ ಊಟ. ತೂಕ ಏರದಂತೆ ಕಾಯುವಷ್ಟು ಮಾತ್ರ.

ತಪ್ಪು ಕಲ್ಪನೆ: ನಲವತ್ತು ದಾಟಿದರೆ ಚಯಾಪಚಯ ಕೈಕೊಡುತ್ತದೆ.

ಸತ್ಯ: 29 ದೇಶಗಳ 6,400ಕ್ಕೂ ಹೆಚ್ಚು ಜನರ ಮಾಹಿತಿಯನ್ನು ಪರಿಶೀಲಿಸಿದ ಅಧ್ಯಯನ 2021ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ಬಂತು. ದೇಹದ ಗಾತ್ರವನ್ನು ಲೆಕ್ಕಕ್ಕೆ ತೆಗೆದುಕೊಂಡರೆ 20ರಿಂದ 60ರ ವಯಸ್ಸಿನವರೆಗೆ ಚಯಾಪಚಯ ಹೆಚ್ಚುಕಡಿಮೆ ಸ್ಥಿರ. ನಡುವಯಸ್ಸಿನಲ್ಲಿ ಬದಲಾಗುವುದು ನಮ್ಮ ಓಡಾಟ, ನಿದ್ದೆ, ಸ್ನಾಯು ಮತ್ತು ತಟ್ಟೆ.

ಹಾಗಾದರೆ ಏರಿಳಿಸಿ ತಿನ್ನುವುದು ಯಾರಿಗೆ? ದಿನವೂ ಅಳೆದು ಉಣ್ಣುವುದು ಬೇಸರ ಎನ್ನುವವರಿಗೆ, ಮದುವೆ-ಹಬ್ಬಗಳ ಲೆಕ್ಕವನ್ನು ವಾರದೊಳಗೇ ಸರಿದೂಗಿಸಬೇಕಾದವರಿಗೆ. ಶನಿವಾರದ ಒಪ್ಪತ್ತು ರೂಢಿಯಿರುವ ಮನೆಗಳಲ್ಲಿ ಇದು ಸುಲಭ. ಆದರೆ ರಾತ್ರಿಯ ಫಲಾಹಾರವೇ ಸಾಬೂದಾನಿ ವಡೆ, ಚಿಪ್ಸ್ ಆದರೆ ಒಪ್ಪತ್ತಿನಿಂದ ತೂಕಕ್ಕೆ ಲಾಭವಿಲ್ಲ. ಮಧುಮೇಹಕ್ಕೆ ಮಾತ್ರೆ, ಇನ್ಸುಲಿನ್ ತೆಗೆದುಕೊಳ್ಳುವವರಿಗೆ ಊಟ ತಪ್ಪಿದರೆ ರಕ್ತದ ಸಕ್ಕರೆ ಅಪಾಯಕಾರಿಯಾಗಿ ಇಳಿಯಬಹುದು; ಅವರು ವೈದ್ಯರನ್ನು ಕೇಳದೆ ಶುರುಮಾಡಬಾರದು. ಗರ್ಭಿಣಿಯರು, ಎದೆಹಾಲುಣಿಸುವ ತಾಯಂದಿರು ಇದಕ್ಕೆ ಕೈಹಾಕುವುದೇ ಬೇಡ.

ಯಾವ ಕ್ರಮ ಹಿಡಿದರೂ ತಟ್ಟೆಯಲ್ಲಿ ಕಾಳು, ಬೇಳೆ, ಮೊಸರು ಅಥವಾ ಮೊಟ್ಟೆ ಇರಲಿ; ವಾರಕ್ಕೆ ಎರಡು-ಮೂರು ದಿನ ಭಾರ ಎತ್ತುವ ವ್ಯಾಯಾಮ ಮಾಡಿ. ತೂಕದ ಜೊತೆ ಸ್ನಾಯು ಕರಗದಂತೆ ತಡೆಯುವುದು ಇವೇ. ವರ್ಷದ ನಂತರವೂ ಬೇಸರವಿಲ್ಲದೆ ಮುಂದುವರಿಸಬಲ್ಲ ಊಟದ ಕ್ರಮ ಯಾವುದೋ, ನಿಮಗೆ ಒಪ್ಪುವುದು ಅದೇ.